ಬೊಟ್ಟಿಲ್ಲದ ಚಾಕು

ಪೊಲೀಸ್ ಜೀಪು ನಮ್ಮ ಮನೆಯ ಮುಂದೆ ನಿಂತಾಗ ನಾನು ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಶುಕ್ರವಾರ ಬೆಳಗ್ಗೆ, ಸ್ನಾನ ಆಗಿ ಕೂದಲು ಇನ್ನೂ ಒಣಗಿರಲಿಲ್ಲ. ಜೀಪಿನ ಸದ್ದು ಪೇಟೆಯಲ್ಲಿ ಹೊಸದಲ್ಲ. ಆದರೆ ಆ ಸದ್ದು ನಮ್ಮ ಬಾಗಿಲಿಗೆ ಬಂದು ನಿಂತರೆ ಯಾರ ಎದೆಯೂ ಧಸಕ್ಕೆನ್ನುತ್ತದೆ. ನಾನು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ.

ಬಂದವರು ಹೊಸನಗರದ ಸಬ್ ಇನ್ಸ್‌ಪೆಕ್ಟರು ಸೀತಾರಾಮಪ್ಪ ಮತ್ತು ಒಬ್ಬ ಪೇದೆ. ಕೂಗಾಡುವ ಪೊಲೀಸರಲ್ಲ ಅವರು. ಮೆತ್ತಗೆ, ಮರ್ಯಾದೆಯಿಂದ ಮಾತಾಡುವವರು. ನನಗೆ ಅದೇ ಹೆಚ್ಚು ಹೆದರಿಕೆ. ಕೂಗಾಡುವ ಮನುಷ್ಯನಿಗೆ ಕೂಗಾಡುವುದರಲ್ಲೇ ಅರ್ಧ ಬುದ್ಧಿ ಖರ್ಚಾಗಿರುತ್ತದೆ.

"ಮುಕುಂದಯ್ಯೋರೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು" ಎಂದು ಜಗಲಿಯಲ್ಲಿ ನನ್ನ ಗಂಡನ ಪಕ್ಕ ಬೆಂಚಿನ ಮೇಲೆ ಕೂತರು. "ಈ ಕಡೆ ಸೀಮೇಲಿ ಅಮೆರಿಕದ ಚಾಕು ನೋಡಿ ಹೇಳೋರು ಅಂದ್ರೆ ನೀವೊಬ್ರೇ ಅಂದ್ರು."

ಅದು ನಿಜ. ತೀರ್ಥಹಳ್ಳಿ ಪೇಟೆಯಲ್ಲಿ ನನ್ನ ಗಂಡನಿಗೆ ಚಾಕು ಮುಕುಂದಯ್ಯ ಎಂದೇ ಹೆಸರು. ಕೇಳಿದ ಹೊಸಬರು ಯಾವನೋ ರೌಡಿ ಇರಬೇಕು ಎಂದು ಬಂದರೆ, ಕಬ್ಬಿಣದ ಅಂಗಡಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಒಬ್ಬ ಸಣಕಲು ಮನುಷ್ಯ ಸಿಗುತ್ತಿದ್ದರು, ಕೋಳಿ ಕೊಯ್ಯುವಾಗಲೂ ಮುಖ ಆಚೆ ತಿರುಗಿಸುವವರು. ಆದರೆ ಅಮೆರಿಕದ ಮಡಿಸುವ ಚಾಕು ಎಂದರೆ ಪ್ರಾಣ. ಮೊದಲನೆಯದು ಬರ್ಮಾ ಯುದ್ಧ ಮುಗಿಸಿ ಬಂದ ಗೆಳೆಯ ದುಗ್ಗಪ್ಪ ಕೊಟ್ಟದ್ದು. ಆಮೇಲೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ ಯಾವ್ಯಾವುದೋ ದೇಶದ ಯಂತ್ರ, ಯಾವ್ಯಾವುದೋ ದೇಶದ ಜನ ಬಂದರು. ಅವರು ಬಿಟ್ಟದ್ದು, ಕಳೆದದ್ದು, ಅವರಿಂದ ಕದ್ದದ್ದು ಎಲ್ಲ ಸಾಗರದ ಒಂದು ಗುಜರಿ ಅಂಗಡಿಗೆ ಬಂದು ಬೀಳುತ್ತಿತ್ತು. ಇವರು ಬಸ್ಸು ಹತ್ತಿ ಹೋಗಿ ಆ ರಾಶಿ ಕೆದಕಿ ಚಾಕು ಹೆಕ್ಕಿ ತರುತ್ತಿದ್ದರು. ತಂದದ್ದನ್ನು ಭೂತಗನ್ನಡಿಯಲ್ಲಿ ನೋಡುವುದು, ಅಲಗಿನ ಬುಡದಲ್ಲಿರುವ ಕಾರ್ಖಾನೆಯ ಮುದ್ರೆ ಓದುವುದು, ಕಿವಿಯ ಹತ್ತಿರ ಹಿಡಿದು ಮಡಿಸಿ ಟಕ್ ಎನ್ನುವ ಸದ್ದು ಕೇಳುವುದು. "ನನ್ ಮೊಣಕಾಲೂ ಟಕ್ ಅಂತದೆ, ಅದನ್ನೂ ಸ್ವಲ್ಪ ಕೇಳಿ" ಎಂದು ನಾನು ಅನ್ನುತ್ತಿದ್ದೆ.

ಪೇದೆ ಒಂದು ಬಟ್ಟೆಯ ಗಂಟು ಬಿಚ್ಚಿ ಬೆಂಚಿನ ಮೇಲೆ ಇಟ್ಟ. ಒಳಗೆ ಮೂರು ಅಲಗಿನ, ಕಂದು ಮೂಳೆಯ ಹಿಡಿಯ ಒಂದು ಚಾಕು. ದೊಡ್ಡ ಅಲಗು ಬಿಡಿಸಿಯೇ ಇತ್ತು.

"ಹೊಸನಗರ ಬಸ್‌ಸ್ಟ್ಯಾಂಡಿನ ಹಿಂದೆ ಸಿಕ್ತು" ಎಂದರು ಸೀತಾರಾಮಪ್ಪ. "ಗುತ್ಯಪ್ಪ ಅಂತ ಒಬ್ಬ ಲಾರಿ ಕ್ಲೀನರು. ಹನ್ನೆರಡು ದಿನ ಆಯ್ತು, ಇಸ್ಪೀಟಾಟದಲ್ಲಿ ಯಾರೋ ಹೊಟ್ಟೆಗೆ ಚಾಕು ಹಾಕಿದಾರೆ. ಕತ್ತಲೆ, ದೀಪ ಬೇರೆ ಬಿದ್ದು ಆರಿಹೋಗಿತ್ತು. ಜತೇಲಿ ಆಡ್ತಿದ್ದೋರು ಒಬ್ರೂ ಬಾಯಿ ಬಿಡ್ತಿಲ್ಲ. ಅವನು ಶಿವಮೊಗ್ಗದ ಆಸ್ಪತ್ರೇಲಿ ಪ್ರಜ್ಞೆ ಇಲ್ದೆ ಬಿದ್ದಿದಾನೆ. ಅವನ ತಾಯಿ ಕೆರಿಯಮ್ಮ ನಮ್ಮ ಸ್ಟೇಷನ್ ಮೆಟ್ಲ ಮೇಲೆ ಕೂತೋಳು ಏಳೋದೇ ಇಲ್ಲ."

ನನಗೆ ಮೆಟ್ಟಿಲೂ ಕೇಳಿಸಲಿಲ್ಲ, ಕೆರಿಯಮ್ಮನೂ ಕೇಳಿಸಲಿಲ್ಲ. ನಾನು ಅಲಗಿನ ಬುಡವನ್ನೇ ನೋಡುತ್ತಿದ್ದೆ. ಅಲ್ಲಿ ಉದ್ದಿನಕಾಳಿನಷ್ಟು ದೊಡ್ಡ ಒಂದು ಕಪ್ಪು ಬೊಟ್ಟು ಇತ್ತು.

ಆ ಬೊಟ್ಟು ನನ್ನ ಬೆರಳಿನದು. ಹಿಂದಿನ ಆಯುಧಪೂಜೆಯ ದಿನ ಅಂಗಡಿಯ ಕತ್ತಿ, ಗುದ್ದಲಿಗಳ ಜೊತೆ ಇವರ ಚಾಕುಗಳನ್ನೂ ದೇವರ ಮುಂದೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಕುಂಕುಮ ಹಚ್ಚಿದ್ದೆ. ಕುಂಕುಮ ಮನೆಯಲ್ಲೇ ಮಾಡಿದ್ದು, ನಿಂಬೆಹುಳಿ ಹಾಕಿದ್ದು. ಸಾಲದ್ದಕ್ಕೆ ಉದುರದೆ ನಿಲ್ಲಲಿ ಎಂದು ಇನ್ನೆರಡು ಹನಿ ನಿಂಬೆರಸದಲ್ಲೇ ಕಲಸಿದ್ದೆ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿ ಮುಗಿಯುವ ತನಕ ಎತ್ತುವಂತಿಲ್ಲ. ಎತ್ತಿ ಒರೆಸುವ ಹೊತ್ತಿಗೆ ಹುಳಿ ಉಕ್ಕನ್ನು ತಿಂದು ಪ್ರತಿ ಚಾಕಿನ ಬುಡದಲ್ಲೂ ಒಂದು ಕಪ್ಪು ಬೊಟ್ಟು ಕೂತಿತ್ತು. ಇವರು ಅಳುವುದೊಂದು ಬಾಕಿ. "ಅಮೆರಿಕದೋರು ಹಾಕಿದ ಮುದ್ರೆ ಸಾಲ್ದು ಅಂತ ನೀನೂ ಒಂದು ಒತ್ತಿದ್ಯೇನೇ ಮಾರಾಯ್ತಿ" ಎಂದು ಕೂಗಾಡಿ, ಇನ್ನು ನನ್ನ ಪೆಟ್ಟಿಗೆ ಮುಟ್ಟಬೇಡ ಎಂದು ಕಟ್ಟಪ್ಪಣೆ ಮಾಡಿದ್ದರು. ನಾನೂ ಹಟಕ್ಕೆ ಬಿದ್ದು ಮುಟ್ಟಿರಲಿಲ್ಲ.

ಹಾಗಾದರೆ ಇದು ನಮ್ಮ ಮನೆಯ ಚಾಕು. ಇವರ ಕಣ್ಣಿನ ಗೊಂಬೆಯಾದ ರೆಮಿಂಗ್ಟನ್ ಕಾರ್ಖಾನೆಯದು. ಅದು ಹೊಸನಗರದ ಬಸ್‌ಸ್ಟ್ಯಾಂಡಿಗೆ ಹೋದದ್ದು ಹೇಗೆ?

ಇವರು ಭೂತಗನ್ನಡಿ ತೆಗೆದುಕೊಂಡರು. ಇವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಚಾಕಿನ ವಿಷಯದಲ್ಲಿ ಇವರು ಸುಳ್ಳು ಹೇಳಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಉಳಿದ ವಿಷಯದಲ್ಲಿ ಎಲ್ಲ ಗಂಡಸರ ಹಾಗೇ. ಈ ರೆಮಿಂಗ್ಟನ್ನಿನ ಮುದ್ರೆಯಲ್ಲಿ ಹೆಸರು ಒಂದು ದುಂಡು ಗೆರೆಯೊಳಗೆ ಇರುತ್ತದೆ. ಅದೇ ಕಾರ್ಖಾನೆಯ ಅಗ್ಗದ ಮಾಲಿನಲ್ಲಿ ಬರೀ ಹೆಸರು, ಸುತ್ತ ಗೆರೆಯಿಲ್ಲ. "ಗೆರೆ ಇದ್ರೇನು ಬಿಟ್ರೇನು, ಎಲ್ಲಾ ಒಂದೇ" ಎಂದು ಬಾಯಿತಪ್ಪಿ ಅಂದದ್ದಕ್ಕೆ ದುಗ್ಗಪ್ಪನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟ ಮನುಷ್ಯ ಇವರು. ಈಗ ಬಾಯಿ ತೆರೆದರೆ ಸತ್ಯವೇ ಬೀಳುತ್ತದೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ರೆಮಿಂಗ್ಟನ್" ಎಂದರು ಇವರು. "ಮೂಳೆ ಹಿಡಿ. ಯುದ್ಧಕ್ಕಿಂತ ಹಿಂದಿಂದು."

"ನಿಮ್ಮ ಹತ್ರ ಇಂಥದ್ದು ಒಂದಿದೆ ಅಂತ ಸಾಗರದ ಗುಜರಿಯವನು ಹೇಳಿದ."

"ಇದೆ."

"ನೋಡ್ಬಹುದಾ?"

ಇವರು ಏಳಲು ಹೋದರು. ಸೀತಾರಾಮಪ್ಪ ಮೆತ್ತಗೆ ಇವರ ತೊಡೆಯ ಮೇಲೆ ಕೈಯಿಟ್ಟರು. "ನೀವು ಕೂತ್ಕಳಿ. ಅಮ್ಮ ತರ್ತಾರೆ. ಇದ್ದ ಹಾಗೇ ಪೆಟ್ಟಿಗೆ ತನ್ನಿ ಅಮ್ಮ."

ಆಗ ಇವರು ನನ್ನನ್ನು ನೋಡಿದರು. ಆ ನೋಟದಲ್ಲಿ ಏನೋ ಹೇಳುವುದಿತ್ತು. ಹೇಳಲು ದಾರಿ ಇರಲಿಲ್ಲ.

ನಡುಮನೆಯ ಗೋಡೆಬೀರಿನಲ್ಲಿ ಪೆಟ್ಟಿಗೆ ಇತ್ತು. ಮುಚ್ಚಳ ತೆರೆದೆ. ಕೆಂಪು ಬಟ್ಟೆಯ ಮೇಲೆ ಸಾಲಾಗಿ ಚಾಕುಗಳು, ಮಧ್ಯದಲ್ಲಿ ಮೂರು ಅಲಗಿನ, ಕಂದು ಮೂಳೆಯ ಹಿಡಿಯ ಒಂದು. ಅಬ್ಬ, ಇಲ್ಲೇ ಇದೆ! ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕೈ ತಾನಾಗಿ ದೊಡ್ಡ ಅಲಗನ್ನು ಬಿಡಿಸಿತು. ಬುಡ ಫಳಫಳ ಹೊಳೆಯುತ್ತಿತ್ತು. ಬೊಟ್ಟು ಇರಲಿಲ್ಲ.

ಪಕ್ಕದ್ದನ್ನು ಬಿಡಿಸಿದೆ, ಬೊಟ್ಟು ಇತ್ತು. ಅದರ ಪಕ್ಕದ್ದು, ಅದರಾಚೆಯದು, ಎಲ್ಲದರಲ್ಲೂ ಇತ್ತು. ಇದೊಂದರಲ್ಲಿ ಮಾತ್ರ ಇಲ್ಲ.

ಹೋದ ವಾರ ಧರ್ಮಪ್ಪ ಬಂದಿದ್ದ. ಧರ್ಮಪ್ಪ ನನ್ನ ತಮ್ಮ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಅವನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡಳು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ಮದುವೆಯಾದಾಗ ಸೆರಗು ಹಿಡಿದುಕೊಂಡು ಈ ಮನೆಗೇ ಬಂದವನು. ಇಸ್ಪೀಟಿನ ಚಟ ಇದೆ ಎಂದು ಗೊತ್ತಿತ್ತು. ಯಾವ ಗಂಡು ಹುಡುಗನಿಗಿಲ್ಲ ಎಂದು ಸುಮ್ಮನಿದ್ದೆ. ಹೋದ ವಾರ ಬಂದವನು ಎಂದಿನಂತೆ ಅಡುಗೆಮನೆಗೆ ಬಂದು ಹಪ್ಪಳ ಕದ್ದು ತಿನ್ನಲಿಲ್ಲ. ನಡುಮನೆಯಲ್ಲೇ ಸ್ವಲ್ಪ ಹೊತ್ತು ಇದ್ದು, "ಬಸ್ಸಿಗೆ ಹೊತ್ತಾತು ಅಕ್ಕಯ್ಯ" ಎಂದು ಹೋಗಿಬಿಟ್ಟಿದ್ದ. ಕಾಫಿ ಲೋಟ ಹಾಗೇ ಉಳಿದಿತ್ತು.

ಪೆಟ್ಟಿಗೆಯ ಮುಂದೆ ನಾನು ಕೂತೆ. ಹೊರಗೆ ಇರುವ ಚಾಕಿನಲ್ಲಿ ಬೊಟ್ಟಿದೆ. ಪೆಟ್ಟಿಗೆಯ ಉಳಿದ ಚಾಕುಗಳಲ್ಲೆಲ್ಲ ಅದೇ ಜಾಗದಲ್ಲಿ, ಅದೇ ಅಳತೆಯ ಬೊಟ್ಟಿದೆ. ಇದನ್ನು ಹೀಗೇ ಹೊತ್ತು ಹೋಗಿ ಆ ಮನುಷ್ಯನ ಮುಂದೆ ಇಟ್ಟರೆ, ಇಂಗ್ಲಿಷಿನ ಒಂದಕ್ಷರ ಓದಬೇಕಾಗಿಲ್ಲ. ಹೆಬ್ಬೆಟ್ಟಿನವನಿಗೂ ತಿಳಿಯುತ್ತದೆ. ಈ ಮನೆಗೆ ಬಂದು ಹೋಗುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಗುತ್ಯಪ್ಪ ಸತ್ತರೆ ನನ್ನ ತಮ್ಮನ ಕುತ್ತಿಗೆಗೆ ಹಗ್ಗ.

"ಅಮ್ಮ, ಸಿಕ್ತಾ?" ಎಂದು ಹೊರಗಿನಿಂದ ದನಿ ಬಂತು.

"ಬಂದೆ" ಎಂದೆ. ಪೇದೆಯ ಬೂಟಿನ ಸದ್ದು ಜಗಲಿ ದಾಟಿ ಒಳಗೆ ಬರುತ್ತಿತ್ತು.

ಆವತ್ತು ನನಗೆ ಬುದ್ಧಿ ಕೊಟ್ಟ ದೇವರು ಒಳ್ಳೆಯವನೋ ಕೆಟ್ಟವನೋ ನಾನು ಇನ್ನೂ ತೀರ್ಮಾನಿಸಿಲ್ಲ. ಪಕ್ಕದಲ್ಲೇ ದೇವರ ಗೂಡು. ಕುಂಕುಮದ ಭರಣಿಯನ್ನು ಅಂಗೈಗೆ ಸುರಿದುಕೊಂಡೆ, ತಂಬಿಗೆಯ ನೀರು ಹಾಕಿ ಕಲಸಿದೆ, ಒಂದೊಂದೇ ಅಲಗು ಬಿಡಿಸಿ ಬುಡದಿಂದ ತುದಿಯವರೆಗೆ ಬಳಿದೆ. ಬೊಟ್ಟಿದ್ದದ್ದಕ್ಕೂ ಬಳಿದೆ, ಇಲ್ಲದ್ದಕ್ಕೂ ಬಳಿದೆ. ಒಂದು ಅಲಗು ಬೆರಳಿಗೆ ತಾಗಿತು. ಕುಂಕುಮ ಯಾವುದು ರಕ್ತ ಯಾವುದು ಎಂದು ನೋಡುವಷ್ಟು ಪುರುಸೊತ್ತು ಇರಲಿಲ್ಲ. ಮೇಲೆ ನಾಲ್ಕು ದಾಸವಾಳ ಹಾಕಿದೆ. ಪೇದೆ ಬಾಗಿಲಿಗೆ ಬಂದಾಗ ನಾನು ಕೈಮುಗಿದು ಕೂತಿದ್ದೆ. ಮುಗಿದ ಕೈ ಗಡಗಡ ನಡುಗುತ್ತಿತ್ತು. ಭಕ್ತಿ ಎಂದುಕೊಂಡಿರಬೇಕು, ಪಾಪ, ಅವನೂ ಕೈಮುಗಿದ.

ಪೆಟ್ಟಿಗೆ ತಂದು ಬೆಂಚಿನ ಮೇಲೆ ಇಟ್ಟೆ. ಇವರು ನೋಡಿದರು. ಕೆಂಪಾದ ಅಲಗುಗಳು, ಒದ್ದೆ ಬಟ್ಟೆ, ದಾಸವಾಳ. ಬೇರೆ ದಿನ ಆಗಿದ್ದರೆ ಮನೆಯ ಹಂಚು ಹಾರಿಹೋಗಬೇಕಿತ್ತು. ಎಲ್ಲಿ ಕೂಗಿಬಿಡುತ್ತಾರೋ ಎಂದು ನಾನು ಉಸಿರು ಹಿಡಿದೆ.

"ಇದೆಂಥದಮ್ಮ?" ಎಂದರು ಸೀತಾರಾಮಪ್ಪ. ಒಂದು ಅಲಗು ಮುಟ್ಟಿದರು. ಬೆರಳು ಕೆಂಪಾಯಿತು. "ಇನ್ನೂ ಹಸಿ ಇದೆ?"

ನಾನು ಜಾರಿದ ಒಂದು ದಾಸವಾಳವನ್ನು ಎತ್ತಿ ಅಲಗುಗಳ ಮೇಲೆ ಇಟ್ಟೆ.

"ಇವತ್ತು ಶುಕ್ರವಾರ ಅಲ್ವೇನ್ರಿ" ಎಂದರು ಇವರು. ದನಿ ಎಂದಿಗಿಂತ ಸಣ್ಣದಾಗಿತ್ತು. "ಪ್ರತಿ ಶುಕ್ರವಾರ ಇವಳದ್ದು ಇದೇ ಕತೆ. ನೀವು ಬರೋ ಹೊತ್ತಿಗೆ ಪೂಜೆ ಮುಗ್ಸಿದ್ಲು. ಕಬ್ಬಿಣಕ್ಕೆ ಕೆಡುಕು ಅಂತ ಹೇಳಿ ಹೇಳಿ ನಂಗೂ ಸಾಕಾಗಿದೆ."

ನಾನು ತಲೆ ತಗ್ಗಿಸಿದೆ. ಇವರಿಗೆ ಗೊತ್ತು. ಎಲ್ಲ ಗೊತ್ತು. ಭಯದ ಜೊತೆಗೆ ಎಂಥದೋ ನಾಚಿಕೆ ನನ್ನನ್ನು ಹಿಂಡಿತು.

ಸೀತಾರಾಮಪ್ಪ ಪೆಟ್ಟಿಗೆಯ ರೆಮಿಂಗ್ಟನ್ ಎತ್ತಿಕೊಂಡು ಎರಡನ್ನೂ ಅಕ್ಕಪಕ್ಕ ಹಿಡಿದರು. ಜೇಬಿನಿಂದ ಕರವಸ್ತ್ರ ತೆಗೆದರು. ಒರೆಸಿಯೇ ಬಿಟ್ಟರು ಎಂದುಕೊಂಡೆ. ಕರವಸ್ತ್ರ ಅಲಗಿನ ಹತ್ತಿರ ಬಂದು ನಿಂತಿತು. ಅವರು ಒಮ್ಮೆ ನನ್ನ ಹಣೆ ನೋಡಿದರು, ಒಮ್ಮೆ ದಾಸವಾಳ ನೋಡಿದರು. ಶುಕ್ರವಾರ ಮುತ್ತೈದೆ ಹಚ್ಚಿದ ಕುಂಕುಮವನ್ನು ಅವಳ ಎದುರಿಗೇ ಒರೆಸಲು ಯಾವ ಮನುಷ್ಯನಿಗೆ ಮನಸ್ಸು ಬರುತ್ತದೆ? ಕರವಸ್ತ್ರದಲ್ಲಿ ತಮ್ಮ ಬೆರಳನ್ನು ಮಾತ್ರ ಒರೆಸಿಕೊಂಡರು.

"ಇದರಲ್ಲಿ ಈ ಕಪ್ಪು ಗುರುತು ಎಂಥದು?" ಎಂದು ಹೊಸನಗರದ ಚಾಕನ್ನು ತೋರಿಸಿದರು.

"ಹುಳಿ ಹಣ್ಣು ಕೊಯ್ದು ತೊಳೀದೆ ಬಿಟ್ರೆ ಹಂಗೇ ಆಗ್ತದೆ."

"ಹಾಗಾದ್ರೆ ಎರಡೂ?"

ಇವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು.

"ಎರಡೂ ಒಂದೇ" ಎಂದರು. "ಒಂದೇ ಕಾರ್ಖಾನೆ, ಒಂದೇ ಮಾಲು. ಅಣೆಕಟ್ಟಿನ ಕಡೆ ಇಂಥವು ಬೇಕಾದಷ್ಟು ಬಂದಿದ್ವು. ನಂದು ನನ್ನ ಪೆಟ್ಟಿಗೇಲಿದೆ, ನೋಡಿದ್ರಲ್ಲ. ಇದು ಯಾರ್ದೋ ನಂಗೆ ಗೊತ್ತಿಲ್ಲ."

ಪೊಲೀಸರು ಮಜ್ಜಿಗೆ ಕುಡಿದು ಹೋದರು. ಜೀಪಿನ ಸದ್ದು ತುಂಗೆಯ ಸೇತುವೆ ದಾಟುವವರೆಗೆ ನಾವಿಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಇವರು ಹಳೆಯ ಪಂಚೆಯ ತುಂಡು, ಎಣ್ಣೆ ತಂದು ಕೂತು ಒಂದೊಂದೇ ಚಾಕು ಒರೆಸತೊಡಗಿದರು. ನಾನು ಎದುರಿಗೆ ಕೂತೆ.

"ಬೊಟ್ಟು ನೋಡಿದ್ರಾ?" ಎಂದೆ.

"ಬೊಟ್ಟು ಯಾಕೆ ಬೇಕು ನಂಗೆ" ಎಂದರು. ಪೆಟ್ಟಿಗೆಯ ರೆಮಿಂಗ್ಟನ್ನನ್ನು ನನ್ನ ಕಡೆ ತಿರುಗಿಸಿದರು. "ಹೆಸರಿನ ಸುತ್ತ ಗೆರೆ ಇಲ್ಲ. ಅಗ್ಗದ್ದು. ನಂದನ್ನ ಅವನು ಸಂಕ್ರಾಂತಿಗೆ ಬಂದಾಗ್ಲೇ ಜೇಬಿಗಿಳಿಸಿದ್ದ. ಚಂದ ಕಂಡಿತೇನೋ, ತಂದಿಡ್ತಾನೆ ಬಿಡು ಅಂತ ಸುಮ್ನಿದ್ದೆ. ಹೋದ ವಾರ ಇದನ್ನ ತಂದಿಟ್ಟ. ಆ ಗುಜರಿಯಿಂದ್ಲೇ ತಂದಿರ್ಬೇಕು. ಅವನ ಕಣ್ಣಿಗೆ ಎರಡೂ ಒಂದೇ."

"ನಂಗೆ ಯಾಕೆ ಹೇಳ್ಲಿಲ್ಲ?"

"ನಿನ್ ತಮ್ಮ ಕಳ್ಳ ಅಂತ ನಿಂಗೆ ಹೇಳ್ಲಾ?" ಅವರ ಕೈ ನಿಂತಿತು. "ಕಳ್ಳ ಅಂತಷ್ಟೇ ಅಂದ್ಕೊಂಡಿದ್ದೆ ಕಣೆ."

ಆ ರಾತ್ರಿಯಿಂದ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ಯಾರಾದರೂ ಬಾಗಿಲು ತಟ್ಟಿದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು. ಬಾವಿಕಟ್ಟೆಯಲ್ಲಿ ಹೆಂಗಸರು ಹೊಸನಗರದ ಸುದ್ದಿ ತೆಗೆದರೆ ನಾನು ಕೊಡ ಅರ್ಧ ತುಂಬುವ ಮುಂಚೆಯೇ ಮನೆಗೆ ಬರುತ್ತಿದ್ದೆ. ಗುತ್ಯಪ್ಪನಿಗೆ ಪ್ರಜ್ಞೆ ಬಂದು ಹೆಸರು ಹೇಳಿದರೆ ಏನು ಗತಿ ಎಂದು ಹೆದರುತ್ತಿದ್ದೆ. ಹೆದರಿದ ಮರುಗಳಿಗೆ, ಅಂದರೆ ಅವನು ಏಳಬಾರದು ಎಂದು ಬೇಡಿಕೊಳ್ಳುತ್ತಿದ್ದೇನಲ್ಲ, ಆ ತಾಯಿ ಮೆಟ್ಟಿಲ ಮೇಲೆ ಕೂತು ಬೇಡುವುದಕ್ಕೆ ಅಡ್ಡಗಾಲು ಹಾಕುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತಿತ್ತು.

ಭಾನುವಾರ ಧರ್ಮಪ್ಪ ಬಂದ. ಕೈಯಲ್ಲಿ ಒಂದು ದೊಡ್ಡ ಚಕ್ಕೋತ. ಕ್ರಾಪು ಬಾಚಿದ್ದ, ಬಿಳಿ ಅಂಗಿ ತೊಟ್ಟಿದ್ದ, ನಗುತ್ತಿದ್ದ. ಆ ನಗು ನೋಡಿದರೆ ಯಾರೂ ಏನೂ ನಂಬುವುದಿಲ್ಲ. ನಾನೂ ಒಂದು ಗಳಿಗೆ ನಂಬಲಿಲ್ಲ.

"ಬಾವ, ಪೊಲೀಸ್ರು ಬಂದಿದ್ರಂತಲ್ಲ?" ಎಂದ.

"ಬಂದಿದ್ರು. ಹೋದ್ರು" ಎಂದರು ಇವರು.

ಅವನ ಹೆಗಲು ಇಳಿದದ್ದು ನನಗೆ ಕಾಣಿಸಿತು. ಕಂಬಕ್ಕೊರಗಿ ಕೂತುಕೊಂಡು ಚಕ್ಕೋತವನ್ನು ಅಂಗೈಯಲ್ಲಿ ಉರುಳಿಸಿದ. "ಗುತ್ಯಪ್ಪ ನಿನ್ನೆ ತೀರ್ಕೊಂಡನಂತೆ" ಎಂದ, ಬಸ್ಸು ತಡ ಅಂತೆ ಎನ್ನುವ ಹಾಗೆ. "ಬಾಯೇ ಬಿಡ್ಲಿಲ್ಲವಂತೆ. ಅಕ್ಕಯ್ಯ, ಒಂದು ಚಾಕು ಕೊಡೇ, ಇದನ್ನ ಸುಲೀತೀನಿ."

ನಮ್ಮಲ್ಲಿ ಕತ್ತಿ, ಚಾಕುಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಸಂಬಂಧ ಕಡಿಯುತ್ತದೆ. ನಡೆಯಲು ಕಲಿಯುವ ಮುಂಚೆಯೇ ಧರ್ಮಪ್ಪನಿಗೆ ಇದನ್ನು ಕಲಿಸಿದವಳು ನಾನು. ಮರೆತಾಗಲೆಲ್ಲ ಕೈಗೆ ಒಂದು ಏಟು ಕೊಟ್ಟು ಕಲಿಸಿದ್ದೆ.

ನಾನು ನಡುಮನೆಗೆ ಹೋಗಿ ಪೆಟ್ಟಿಗೆ ತೆರೆದು ಬೊಟ್ಟಿಲ್ಲದ ಚಾಕನ್ನು ತೆಗೆದೆ. ದೊಡ್ಡ ಅಲಗು ಬಿಡಿಸಿದೆ. ಅಲಗನ್ನು ನನ್ನ ಕೈಯಲ್ಲಿ ಹಿಡಿದು ಹಿಡಿಯನ್ನು ಅವನ ಕಡೆ ಚಾಚಿದೆ.

"ಕೆಳಗಿಡೇ" ಎಂದು ನಕ್ಕ. "ನೀನೇ ಬೈತಿದ್ಯಲ್ಲ."

"ತಗೋ" ಎಂದೆ. "ಕೈಯಲ್ಲೇ ತಗೋ."

ಅವನು ಹಿಡಿ ಹಿಡಿದ. ಆಮೇಲೆ ಅದು ಯಾವ ಚಾಕು ಎಂದು ನೋಡಿದ. ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. ಇವರು ಕುರ್ಚಿಯಿಂದ ಎದ್ದು ನಿಂತದ್ದು ನನಗೆ ಗೊತ್ತಾಯಿತು.

"ಇದು ನಿಂದು ಧರ್ಮು" ಎಂದೆ. "ನಮ್ದು ಹೊಸನಗರ ಸ್ಟೇಷನ್ನಲ್ಲಿದೆ. ಅದ್ರ ಮೆಟ್ಲ ಮೇಲೆ ಒಬ್ಳು ತಾಯಿ ಕೂತಿದಾಳಂತೆ. ನಮ್ಮಮ್ಮ ಇದ್ದಿದ್ರೆ ಅಷ್ಟೇ ವಯಸ್ಸಾಗಿರೋದು."

ನಾನು ಬಿಟ್ಟೆನೋ ಅವನು ಎಳೆದನೋ, ಅಲಗು ನನ್ನ ಅಂಗೈ ಮೇಲೆ ಜಾರಿತು. ನೋವೇನೂ ಆಗಲಿಲ್ಲ. ಒಂದು ಸಣ್ಣ ಗೆರೆ, ಅದರ ಮೇಲೆ ರಕ್ತ.

"ಅಯ್ಯೋ ಅಕ್ಕಯ್ಯ!" ಎಂದು ಅವನು ನನ್ನ ಕಡೆ ಧಾವಿಸಿದ. ಅದು ನನ್ನ ಧರ್ಮುವಿನ ದನಿಯೇ. ಒಲೆಯ ಕೆಂಡ ತಾಗಿ ನನ್ನ ಕೈ ಸುಟ್ಟಾಗ ನನಗಿಂತ ಜೋರಾಗಿ ಅತ್ತ ಮಗುವಿನ ದನಿ. ಚಾಕು ಇನ್ನೂ ಅವನ ಕೈಯಲ್ಲಿತ್ತು.

ನಾನು ಹಿಂದೆ ಸರಿದೆ. ಬೇಕೆಂದು ಅಲ್ಲ. ಕಾಲು ತಾನಾಗಿ ಸರಿಯಿತು, ಬೆನ್ನು ಗೋಡೆಗೆ ತಾಗುವವರೆಗೆ ಸರಿಯಿತು. ಎರಡು ಕೈಯೂ ಹೊಟ್ಟೆಯ ಮೇಲೆ ಬಂದು ನಿಂತವು.

ಅವನು ನೋಡಿದ. ನಾನು ಹೊಟ್ಟೆ ಮುಚ್ಚಿಕೊಂಡದ್ದನ್ನು ನೋಡಿದ. ಇವರು ಹೇಳಿದ ಸುಳ್ಳು, ನಾನು ಬಳಿದ ಕುಂಕುಮ ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ; ಅದೊಂದು ಮಾತ್ರ ಗೊತ್ತಾಯಿತು. ಚಾಕು ಮಡಿಸಿ ಜೇಬಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿಕೊಂಡು, ಹೋಗಿ ಬರ್ತೀನಿ ಎಂದು ಹೇಳದೆ ಹೊರಟುಹೋದ.

ಇವರು ಅರಿಶಿನ ತಂದು ನನ್ನ ಅಂಗೈಗೆ ಹಚ್ಚಿ ಕಟ್ಟಿದರು. ಚಕ್ಕೋತ ಕಂಬದ ಬುಡದಲ್ಲೇ ಇತ್ತು. ಅವನು ಹೊಸನಗರದಲ್ಲಿ ಇಳಿದು ಸ್ಟೇಷನ್ನಿಗೆ ಹೋದನೋ, ಬಸ್ಸಿನಲ್ಲೇ ಮುಂದಕ್ಕೆ ಹೋದನೋ ಎಂದು ಸಂಜೆಯಾದರೂ ಇಬ್ಬರೂ ಬಾಯಿ ಬಿಟ್ಟು ಕೇಳಿಕೊಳ್ಳಲಿಲ್ಲ. ಕತ್ತಲಾಗುವ ಮುಂಚೆ ನಾನು ಎದ್ದು ಬಾಗಿಲಿಗೆ ಅಗುಳಿ ಹಾಕಿದೆ. ಈ ಮನೆಗೆ ಬಂದಾಗಿನಿಂದ, ನನ್ನ ತಮ್ಮ ಬರಬಹುದು ಎಂದು ಬಾಗಿಲು ಹಾಕಿದ್ದು ಅದೇ ಮೊದಲು.